ಗಳಲೆ ರೋಗ ಮತ್ತು ರೋಗಾಣುವಿನ ಶರ್ಕರ ಕವಚ: ಬೀದರ ಸೀಮೆಯ ಜಾನುವಾರು ಚರಿತ್ರೆಯ ಒಂದು ಅಧ್ಯಾಯ

ಬೀದರ ಜಿಲ್ಲೆಯ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಕೋಟೆ, ಗುಮ್ಮಟ, ಶಾಸನ ಹಾಗೂ ಶರಣ ಪರಂಪರೆಗಳ ಸುತ್ತ ಬೆಳೆದಿವೆ. ಗುಲಾಮ್ ಯಜ್ದಾನಿಯವರು 1947ರಲ್ಲಿ ಹೊರತಂದ ಹಿರಿಯ ಗ್ರಂಥವೂ ಪ್ರಧಾನವಾಗಿ ಇಲ್ಲಿಯ ಸ್ಮಾರಕಗಳನ್ನು ಕುರಿತದ್ದೇ ಆಗಿದೆ. ಇದು ಸಹಜವಾದದ್ದು. ಬಹಮನಿ ಸುಲ್ತಾನ ಅಹಮದ್ ಷಾನ ಕಾಲದಲ್ಲಿ ಕಲಬುರಗಿಯಿಂದ ರಾಜಧಾನಿ ಇಲ್ಲಿಗೆ ಬಂದ ಮೇಲೆ, 1472ರಲ್ಲಿ ಮಹಮೂದ್ ಗವಾನನ ಮದರಸ ಎದ್ದು ನಿಂತ ಮೇಲೆ, ನೋಡುವವರ ಕಣ್ಣು ಕಲ್ಲಿನ ಮೇಲೆಯೇ ನೆಲೆಸಿತು. ಆದರೆ ಆ ಕಲ್ಲನ್ನು ಎಳೆದ ಎತ್ತುಗಳು, ರಾಜಧಾನಿಗೆ ಜೋಳ ಹೊತ್ತು ತಂದ ಬಂಡಿಗಳು, ಎರೆಹೊಲವನ್ನು ಉತ್ತ ಜೋಡಿಗಳು ಹೇಗೆ ಬದುಕಿದವು, ಹೇಗೆ ಸತ್ತವು ಎಂಬ ಪ್ರಶ್ನೆಯನ್ನು ನಮ್ಮ ಚರಿತ್ರೆಕಾರರು ಕೇಳಿದ್ದು ಕಡಿಮೆ. 15ನೆಯ ಶತಮಾನದಲ್ಲಿ ಬೀದರಕ್ಕೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ತಾನು ತಂದ ಕುದುರೆಯನ್ನು ಮಾರಿದ ಸಂಗತಿಯನ್ನೂ ಆಳಂದದ ಜಾತ್ರೆಯಲ್ಲಿ ನಡೆಯುತ್ತಿದ್ದ ಪ್ರಾಣಿ ವ್ಯಾಪಾರವನ್ನೂ ಬರೆದಿಟ್ಟಿದ್ದಾನೆ. ಅಂಥ ಸಂತೆಗಳಲ್ಲಿ ಪ್ರಾಣಿಗಳೊಡನೆ ಅವುಗಳ ರೋಗಗಳೂ ಕೈ ಬದಲಾಯಿಸುತ್ತಿದ್ದವೆಂದು ಊಹಿಸಲು ದೊಡ್ಡ ವಿದ್ವತ್ತು ಬೇಕಾಗಿಲ್ಲ.

ಪ್ರಸ್ತುತ ಪ್ರಬಂಧವು ಈ ವಿಸ್ತಾರವಾದ ವಿಷಯದ ಒಂದು ಮೂಲೆಯನ್ನು ಮಾತ್ರ ಆಯ್ದುಕೊಂಡಿದೆ. ಅದು ಗಳಲೆ ರೋಗ. ಗಂಟಲು ಬೇನೆ ಎಂಬ ಹೆಸರೂ ಇದಕ್ಕಿದೆ. ಭಾಲ್ಕಿ, ಔರಾದ ತಾಲ್ಲೂಕುಗಳ ಮರಾಠಿ ಮಾತನಾಡುವ ಮನೆಗಳಲ್ಲಿ ಇದು ಘಟಸರ್ಪ. ಮರಾಠಿಯಲ್ಲಿ ಮಕ್ಕಳ ಗಂಟಲಮಾರಿಗೂ ಇದೇ ಹೆಸರು ಸಲ್ಲುವುದು ಗಮನಾರ್ಹವಾಗಿದೆ. ಎರಡೂ ಕಡೆ ಗಂಟಲು ಬಾತು, ಉಸಿರು ಕಟ್ಟಿ, ನೋಡನೋಡುತ್ತಿದ್ದಂತೆ ಜೀವ ಹೋಗುತ್ತದೆ. ಆದರೆ ರೋಗಾಣುಗಳು ಬೇರೆ ಬೇರೆ. ದನ ಎಮ್ಮೆಗಳ ಗಳಲೆಗೆ ಕಾರಣವಾದ ಬ್ಯಾಕ್ಟೀರಿಯದ ಹೆಸರು ಪಾಶ್ಚುರೆಲ್ಲಾ ಮಲ್ಟೋಸಿಡಾ. ನಮ್ಮಲ್ಲಿ ಈ ರೋಗವನ್ನು ತರುವ ಬಗೆಗೆ ಪ್ರಯೋಗಾಲಯದ ಭಾಷೆಯಲ್ಲಿ ‘ಬಿ:2’ ಎಂಬ ಗುರುತು. ಈ ಎರಡಕ್ಷರದ ಗುರುತಿನಲ್ಲಿರುವ ‘ಬಿ’ಯೂ ‘2’ ಎಂಬ ಅಂಕಿಯೂ ಆ ರೋಗಾಣು ತನ್ನ ಮೈಮೇಲೆ ಕಟ್ಟಿಕೊಳ್ಳುವ ಸಕ್ಕರೆಗಳನ್ನೇ ಸೂಚಿಸುತ್ತವೆ. ಈ ಸಕ್ಕರೆಯ ಹೊದಿಕೆಯ ರಚನೆ ಅರ್ಥವಾಗುವುದಕ್ಕೆ ಬಹಳ ಮೊದಲೇ ಅದರ ವಿರುದ್ಧ ಲಸಿಕೆ ತಯಾರಾಯಿತು. ಗಳಲೆ ಲಸಿಕೆಯ ಮಿತಿಗಳಲ್ಲಿ ಕೆಲವಾದರೂ ಹೀಗೆ ಹಿಂದುಮುಂದಾಗಿ ಬಂದ ಅರಿವಿನ ಫಲವೆಂಬುದು ಈ ಲೇಖನದ ನಿಲುವು.

ಮೊದಲು ನೆಲದ ಮಾತು. ಬೀದರ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಇಳಿದು ಭಾಲ್ಕಿ, ಔರಾದಗಳ ಕಡೆ ಸಾಗಿದರೆ ಮಾಂಜ್ರಾ ನದಿಯ ಎರಡೂ ದಡಗಳಲ್ಲಿ ಎರೆಭೂಮಿ ಹರಡಿಕೊಂಡಿದೆ. ಮಳೆ ಬಿದ್ದ ಎರೆಯನ್ನು ಉಳಲು ಗಟ್ಟಿಮುಟ್ಟಾದ ಎತ್ತು ಬೇಕು. ಆ ಅಗತ್ಯದಿಂದ ರೂಪುಗೊಂಡದ್ದು ದೇವಣಿ ತಳಿ. ಗುಜರಾತಿನ ಗಿರ್, ಸಹ್ಯಾದ್ರಿ ಸೀಮೆಯ ಡಾಂಗಿ ಹಾಗೂ ಸ್ಥಳೀಯ ದನಗಳ ಬೆರಕೆಯಿಂದ ಇದು ಬೆಳೆದು ಬಂದಿತೆಂದು ತಜ್ಞರು ಹೇಳುತ್ತಾರೆ. ಮೈಬಣ್ಣವನ್ನು ಅನುಸರಿಸಿ ಇದರಲ್ಲಿ ಮೂರು ಬಗೆಗಳನ್ನು ಗುರುತಿಸಲಾಗಿದೆ. ಬಿಳಿಯ ಮೈಗೆ ಮುಖದ ಪಕ್ಕಗಳಲ್ಲಿ ಮಾತ್ರ ಕಪ್ಪು ಇದ್ದರೆ ವನ್ನೇರಾ, ಬಿಳಿಯ ಮೈಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳಿದ್ದರೆ ಬಾಳಂಕ್ಯಾ, ಮೈತುಂಬ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದರೆ ಶೇವೆರಾ. ತಳಿಗೆ ಹೆಸರು ಕೊಟ್ಟ ದೇವಣಿ ಈಗ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ. 1956ಕ್ಕೆ ಮುಂಚೆ, ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, ಉದಗೀರ, ನಿಲಂಗಾ, ಅಹಮದಪುರಗಳು ಬೀದರ ಜಿಲ್ಲೆಯ ಭಾಗಗಳಾಗಿದ್ದವು. ಭಾಷಾವಾರು ಪ್ರಾಂತ್ಯ ರಚನೆಯಾದಾಗ ಅವು ಮುಂಬಯಿ ರಾಜ್ಯಕ್ಕೂ ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೂ ಸೇರಿದವು. ದೇವಣಿ ದನಗಳ ನಾಡು ಹೀಗೆ ಇಬ್ಭಾಗವಾಯಿತು. ಗಡಿರೇಖೆ ಕಂದಾಯದ ಕಾಗದಗಳಲ್ಲಿ ಬಿದ್ದಿತೇ ಹೊರತು ಸಂತೆಯ ದಾರಿಗಳಲ್ಲಿ ಬೀಳಲಿಲ್ಲ. ನಾಂದೇಡ ಜಿಲ್ಲೆಯ ಮಾಳೇಗಾಂವ್ ಖಂಡೋಬನ ಜಾತ್ರೆಗೆ ಈ ಸೀಮೆಯ ಎತ್ತುಗಳು ಹೋಗುವುದು, ಅಲ್ಲಿಂದ ಹೊಸ ಜೋಡಿಗಳು ಬರುವುದು ಹಳೆಯ ರೂಢಿ.

ಗಳಲೆಯ ಕಾಲ ಮುಂಗಾರು. ಬೇಸಿಗೆಯುದ್ದಕ್ಕೂ ಒಣ ಮೇವಿನಲ್ಲಿ ಸೊರಗಿದ ದನ, ಮೊದಲ ಮಳೆ ಬಿದ್ದೊಡನೆ ಹೆಸರು, ಉದ್ದು, ತೊಗರಿಯ ಬಿತ್ತನೆಗೆ ನೊಗಕ್ಕೆ ಬೀಳುತ್ತದೆ. ಆರೋಗ್ಯವಾಗಿರುವಂತೆ ಕಾಣುವ ಕೆಲವು ದನ ಎಮ್ಮೆಗಳ ಗಂಟಲ ಗ್ರಂಥಿಗಳಲ್ಲಿ ರೋಗಾಣು ಸದ್ದಿಲ್ಲದೆ ಅಡಗಿರುತ್ತದೆ. ದೇಹ ಬಳಲಿದಾಗ ಅದು ವೃದ್ಧಿಯಾಗಿ, ಜೊಲ್ಲು ಮತ್ತು ಮೂಗಿನ ಸ್ರಾವದೊಡನೆ ಹೊರಬಿದ್ದು, ನೆರೆಯ ಪ್ರಾಣಿಗಳಿಗೆ ದಾಟುತ್ತದೆ. ತೇವದ ಹವೆ ಅದಕ್ಕೆ ಅನುಕೂಲ. ಒಣ ಮಣ್ಣಿನಲ್ಲಿ ಅದು ಹೆಚ್ಚು ಕಾಲ ಉಳಿಯಲಾರದು. ರೋಗ ತಗುಲಿದ ಪ್ರಾಣಿಗೆ ವಿಪರೀತ ಜ್ವರ, ಜೊಲ್ಲು, ಗಂಟಲಿನಿಂದ ಎದೆಯವರೆಗೆ ಬಾವು, ಗೊರಗೊರ ಉಸಿರು ಕಾಣಿಸಿಕೊಳ್ಳುತ್ತವೆ. ಅನೇಕ ವೇಳೆ ಒಂದೇ ದಿನದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ದನಗಳಿಗಿಂತ ಎಮ್ಮೆಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ಸಂಜೆ ಮೇಯ್ದು ಬಂದ ಎತ್ತು ಬೆಳಗಾಗುವುದರೊಳಗೆ ಇಲ್ಲವಾಯಿತೆಂಬ ಮಾತು ಈ ಭಾಗದ ಹಳ್ಳಿಗಳಲ್ಲಿ ಅತಿಶಯೋಕ್ತಿಯೆನಿಸುವುದಿಲ್ಲ. ಬಿತ್ತನೆಯ ವಾರದಲ್ಲಿ ಜೋಡಿಯ ಒಂದು ಎತ್ತು ಸತ್ತರೆ ಆ ವರ್ಷದ ಬೆಳೆಯೇ ಕೈತಪ್ಪುತ್ತಿತ್ತು. ಉಳಿದ ಒಂಟಿ ಎತ್ತಿಗೆ ಜೊತೆ ಹೊಂದಿಸಲು ಸಾಲ ಮಾಡಬೇಕಾಗುತ್ತಿತ್ತು. ಸಾವಿನ ನಷ್ಟಕ್ಕಿಂತ ಸಾವು ಬರುವ ಕಾಲದ ನಷ್ಟವೇ ದೊಡ್ಡದು.

ಈ ರೋಗಾಣುವಿನ ವಂಶಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಲೂಯಿ ಪಾಶ್ಚರ್ 1880ರಲ್ಲಿ ಕೋಳಿಗಳ ಕಾಲರಾ ರೋಗಾಣುವಿನ ಹಳೆಯ ಕೃಷಿಯಿಂದ ದುರ್ಬಲಗೊಂಡ ಸೂಕ್ಷ್ಮಾಣುಗಳನ್ನು ಕೊಟ್ಟು ಕೋಳಿಗಳಲ್ಲಿ ರಕ್ಷಣೆಯನ್ನು ಉಂಟುಮಾಡಿದ್ದು ಇದೇ ಪಾಶ್ಚುರೆಲ್ಲಾದ ಮೇಲೆ. ಪ್ರಯೋಗಾಲಯದಲ್ಲಿ ತಯಾರಾದ ಆಧುನಿಕ ಲಸಿಕೆಯ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ಕುಲದ ಹೆಸರೂ ಆತನದೇ. ಇದಾದ ಒಂಬತ್ತು ವರ್ಷಗಳಲ್ಲಿ, 1889ರಲ್ಲಿ, ಭಾರತದಲ್ಲಿ ಜಾನುವಾರು ರೋಗಗಳ ಸಂಶೋಧನೆಗೆಂದು ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಸ್ಥಾಪನೆಯಾಯಿತು. ಆಲ್‌ಫ್ರೆಡ್ ಲಿಂಗಾರ್ಡ್ ಅದರ ಮುಖ್ಯಸ್ಥರಾಗಿದ್ದರು. 1893ರಲ್ಲಿ ಅದು ಕುಮಾವೂಂ ಬೆಟ್ಟಗಳ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. ಇಂದಿನ ಇಜ್ಜತನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲ ಇದೇ. ಆಗ ದೊಡ್ಡ ಶತ್ರು ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿ. ಹಿಂಡುಹಿಂಡಾಗಿ ಸಾಯುವ ದನಗಳ ನಡುವೆ ಗಳಲೆಯಿಂದ ಸತ್ತವುಗಳನ್ನು ಬೇರ್ಪಡಿಸಿ ಎಣಿಸುವುದು ಸುಲಭವಿರಲಿಲ್ಲ. ರಿಂಡರ್‌ಪೆಸ್ಟ್ ಹಿಮ್ಮೆಟ್ಟಿದಂತೆಲ್ಲ ಗಳಲೆಯ ನಿಜವಾದ ಪ್ರಮಾಣ ಕಣ್ಣಿಗೆ ಬೀಳತೊಡಗಿತು. 2011ರಲ್ಲಿ ರಿಂಡರ್‌ಪೆಸ್ಟ್ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಗಳಲೆ ಉಳಿದುಕೊಂಡಿತು. ರಿಂಡರ್‌ಪೆಸ್ಟಿಗೆ ಕಾರಣ ಒಂದೇ ಸ್ವರೂಪದ ವೈರಸ್. ಒಮ್ಮೆ ಹಾಕಿದ ಲಸಿಕೆ ದೀರ್ಘಕಾಲ ಕಾಯುತ್ತಿತ್ತು, ಬದುಕುಳಿದ ಪ್ರಾಣಿ ರೋಗವನ್ನು ಅಡಗಿಸಿಟ್ಟುಕೊಳ್ಳುತ್ತಿರಲಿಲ್ಲ. ಗಳಲೆಯಲ್ಲಿ ಈ ಎರಡು ಅನುಕೂಲಗಳೂ ಇಲ್ಲ.

ಗಳಲೆಗೆ ಮೊದಲ ಲಸಿಕೆಗಳು ತಯಾರಾದದ್ದು ಸರಳ ಉಪಾಯದಿಂದ. ರೋಗಾಣುವನ್ನು ಸಾರಿನಲ್ಲಿ ಬೆಳೆಸಿ, ಕೊಂದು, ಚುಚ್ಚುವುದು. ರಕ್ಷಣೆ ಕೆಲವೇ ತಿಂಗಳು ನಿಲ್ಲುತ್ತಿತ್ತು. ಸ್ಫಟಿಕದ ಲವಣದೊಡನೆ ಬೆರೆಸಿದ ಲಸಿಕೆಯ ರಕ್ಷಣೆ ನಾಲ್ಕಾರು ತಿಂಗಳಿಗೆ ಏರಿತು. 1950ರ ದಶಕದಲ್ಲಿ ಆರ್.ವಿ.ಎಸ್. ಬೇನ್ ಆಗ್ನೇಯ ಏಷ್ಯಾದಲ್ಲಿ ಎಣ್ಣೆಯಲ್ಲಿ ಕಲಸಿದ ಲಸಿಕೆಯನ್ನು ರೂಢಿಗೆ ತಂದಾಗ ರಕ್ಷಣೆ ಸುಮಾರು ಒಂದು ವರ್ಷಕ್ಕೆ ಮುಟ್ಟಿತು. ಆದರೆ ಆ ಲಸಿಕೆ ಅಂಟಾದದ್ದು. ದಪ್ಪ ಸೂಜಿಯಲ್ಲೂ ಕಷ್ಟಪಟ್ಟು ಇಳಿಯುವಂಥದು, ಚುಚ್ಚಿದ ಜಾಗದಲ್ಲಿ ಗಂಟು ಉಳಿಸುವಂಥದು. ಬಿತ್ತನೆಗೆ ಮುಂಚೆ ಎತ್ತಿನ ಕುತ್ತಿಗೆಯಲ್ಲಿ ಗಂಟೆದ್ದರೆ ನೊಗ ಹೇಗೆ ಹೂಡುವುದೆಂಬ ರೈತನ ಆಕ್ಷೇಪವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಈ ಲಸಿಕೆಗಳೆಲ್ಲ ಬಂದದ್ದು ರೋಗಾಣುವಿನ ಮೈಮೇಲೆ ಏನಿದೆ ಎಂಬುದು ತಿಳಿಯದ ಕಾಲದಲ್ಲಿ. ತಿಳಿಯುವ ಹಾದಿ ಬೇರೊಂದು ದಿಕ್ಕಿನಿಂದ ತೆರೆಯಿತು. ನ್ಯೂಯಾರ್ಕಿನ ರಾಕಫೆಲ್ಲರ್ ಸಂಸ್ಥೆಯಲ್ಲಿ ಮೈಕೇಲ್ ಹೈಡಲ್‌ಬರ್ಗರ್ ಮತ್ತು ಆಸ್ವಾಲ್ಡ್ ಏವರಿ 1923ರಲ್ಲಿ ನ್ಯುಮೋನಿಯ ರೋಗಾಣುವಿನ ಹೊರಕವಚ ಪ್ರೋಟೀನಲ್ಲ, ಬಹುಶರ್ಕರ ಎಂದು ತೋರಿಸಿದರು. ಅಲ್ಲಿಯವರೆಗೆ ದೇಹದ ರಕ್ಷಣಾ ವ್ಯವಸ್ಥೆ ಗುರುತಿಸುವುದು ಪ್ರೋಟೀನುಗಳನ್ನು ಮಾತ್ರ ಎಂದು ನಂಬಲಾಗಿತ್ತು. ಪಾಶ್ಚುರೆಲ್ಲಾದ ವಿಷಯದಲ್ಲಿ ಈ ಕೆಲಸವನ್ನು ಮಾಡಿದವರು ಜಿ.ಆರ್. ಕಾರ್ಟರ್. ಅವರು 1950ರ ದಶಕದಲ್ಲಿ ಕವಚದ ಗುಣವನ್ನು ಆಧರಿಸಿ ರೋಗಾಣುಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿದರು. ‘ಸಿ’ ಮುಂದೆ ಕೈಬಿಟ್ಟುಹೋಯಿತು. ಆಫ್ರಿಕದ ಗಳಲೆಯಿಂದ ‘ಇ’, ಅನಂತರ ‘ಎಫ್’ ಸೇರಿಕೊಂಡವು. ಕವಚದ ಕೆಳಗೆ, ಜೀವಕೋಶದ ಹೊರಪೊರೆಯಲ್ಲಿ ನೆಟ್ಟುಕೊಂಡಿರುವ ಕೊಬ್ಬು ಮತ್ತು ಸಕ್ಕರೆ ಬೆಸೆದ ಇನ್ನೊಂದು ವಸ್ತುವಿದೆ. ಅದರ ವ್ಯತ್ಯಾಸಗಳ ಮೇಲೆ ಹೆಡಲ್‌ಸ್ಟನ್ ಮತ್ತು ಸಂಗಡಿಗರು 1972ರಲ್ಲಿ ಅಂಕಿಗಳ ವಿಂಗಡಣೆ ಮಾಡಿದರು. ಗಳಲೆಯಲ್ಲಿ ಪ್ರಾಣಿಯನ್ನು ಕೊನೆಗೆ ಕೆಡಹುವ ಒಳವಿಷ ಇದೇ ವಸ್ತು. ಅಕ್ಷರ ಕವಚದ್ದು, ಅಂಕಿ ಒಳವಿಷದ್ದು. ‘ಬಿ:2’ ಎಂಬ ಹೆಸರು ಹುಟ್ಟಿದ್ದು ಹೀಗೆ.

ಆ ಕವಚ ಕಟ್ಟಲ್ಪಡುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಬ್ಯಾಕ್ಟೀರಿಯ ಸಕ್ಕರೆಯನ್ನು ಹಾಗೆಯೇ ಜೋಡಿಸಲಾರದು. ಪ್ರತಿ ಸಕ್ಕರೆಯ ಕಣಕ್ಕೂ ನ್ಯೂಕ್ಲಿಯೋಟೈಡ್ ಎಂಬ ಹಿಡಿಯನ್ನು ಮೊದಲು ಕಟ್ಟಬೇಕು. ಹೀಗೆ ಹಿಡಿ ಕಟ್ಟಿದ ಸಕ್ಕರೆಗಳೇ ಜೀವಿಗಳು ಬಹುಶರ್ಕರವನ್ನು ಕಟ್ಟುವ ಕಚ್ಚಾವಸ್ತುವೆಂಬುದಕ್ಕೆ ದಾರಿ ತೋರಿಸಿದವರು ಅರ್ಜೆಂಟೀನಾದ ಲೂಯಿಸ್ ಲೆಲ್ವಾರ್. ಆ ಕೆಲಸಕ್ಕಾಗಿ ಅವರಿಗೆ 1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಕಿಣ್ವಗಳು ಆ ಹಿಡಿಯನ್ನು ಕಳಚಿ ಸಕ್ಕರೆಯನ್ನು ಸರಪಳಿಗೆ ಒಂದೊಂದಾಗಿ ಪೋಣಿಸುತ್ತವೆ. ಸರಪಳಿ ಹುಟ್ಟುವುದು ಜೀವಕೋಶದ ಒಳಗೆ, ಇರಬೇಕಾದದ್ದು ಹೊರಗೆ. ನಡುವೆ ಎರಡು ಪೊರೆಗಳಿವೆ. ಅವುಗಳ ಮೂಲಕ ಸರಪಳಿಯನ್ನು ಹೊರದಬ್ಬಲು ಶಕ್ತಿ ಬಳಸುವ ಪ್ರೋಟೀನುಗಳ ಒಂದು ಸಾಗಣೆ ವ್ಯವಸ್ಥೆ ಇದೆ. ಹೊರಬಂದ ಸರಪಳಿ ಕಳಚಿಹೋಗದಂತೆ ಅದರ ಬುಡಕ್ಕೆ ಕೊಬ್ಬಿನ ಒಂದು ತುಣುಕು ಅಂಟಿಕೊಂಡು ಲಂಗರಿನಂತೆ ಹೊರಪೊರೆಯಲ್ಲಿ ನೆಡುತ್ತದೆ. ಪೋಣಿಸುವ, ಸಾಗಿಸುವ, ನೆಡುವ ಈ ಕೆಲಸಗಳ ವಂಶವಾಹಿಗಳು ರೋಗಾಣುವಿನ ವರ್ಣತಂತುವಿನಲ್ಲಿ ಒಂದೇ ಕಡೆ ಸಾಲಾಗಿ ಕುಳಿತಿರುತ್ತವೆ. ಸಾಗಿಸುವ, ನೆಡುವ ವಂಶವಾಹಿಗಳು ಬೇರೆ ಬೇರೆ ಬಗೆಗಳಲ್ಲಿ ಬಹುಮಟ್ಟಿಗೆ ಹೋಲುತ್ತವೆ. ಪೋಣಿಸುವ ವಂಶವಾಹಿಗಳು ಬದಲಾದಾಗ ಕವಚ ಬದಲಾಗುತ್ತದೆ, ಅದರೊಡನೆ ಅಕ್ಷರವೂ ಬದಲಾಗುತ್ತದೆ.

ಎ ಬಗೆಯ ಕವಚ ಹಯಲುರಾನಿಕ್ ಆಮ್ಲ. ಅದು ಪ್ರಾಣಿಗಳ ಕೀಲುಗಳಲ್ಲಿಯೂ ಇರುವ ವಸ್ತು. ರೋಗಾಣು ಅತಿಥೇಯನ ಬಟ್ಟೆಯನ್ನೇ ಉಟ್ಟು ಬರುವುದರಿಂದ ದೇಹ ಅದನ್ನು ಪರಕೀಯವೆಂದು ಗುರುತಿಸುವುದಿಲ್ಲ. ಅದನ್ನು ಕಟ್ಟುವ ಕೆಲಸವನ್ನು ಒಂದೇ ಕಿಣ್ವ ಮಾಡುತ್ತದೆಂದು 1998ರಲ್ಲಿ ಅಮೆರಿಕದ ಪಾಲ್ ಡಿಏಂಜೆಲಿಸ್ ತಂಡ ತೋರಿಸಿತು. ಡಿ ಮತ್ತು ಎಫ್ ಬಗೆಗಳ ಕವಚಗಳೂ ಪ್ರಾಣಿದೇಹದ ವಸ್ತುಗಳನ್ನೇ ಹೋಲುತ್ತವೆ. ಬಿ ಬಗೆ ಹಾಗಲ್ಲ. ಅದರಲ್ಲಿ ಅರಬಿನೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಎಂಬ ಸಕ್ಕರೆಗಳು ಕಂಡುಬಂದಿವೆ. ಆದರೆ ಅವುಗಳ ಜೋಡಣೆಯ ಕ್ರಮವನ್ನು ಬಿಡಿಸುವುದು ಇತರ ಬಗೆಗಳಷ್ಟು ಸುಲಭವಾಗಲಿಲ್ಲ. ಕೋಳಿ, ಹಂದಿಗಳ ರೋಗಾಣುಗಳ ಮೇಲೆ ಶ್ರೀಮಂತ ದೇಶಗಳಲ್ಲಿ ಹೆಚ್ಚು ಕೆಲಸ ನಡೆದು, ಮುಖ್ಯವಾಗಿ ಏಷ್ಯಾದ ಸಣ್ಣ ರೈತರ ದನ ಎಮ್ಮೆಗಳನ್ನು ಕೊಲ್ಲುವ ಬಗೆಯ ಅಧ್ಯಯನ ತಡವಾಗಿ ಬಂದದ್ದು ಕಾಕತಾಳೀಯವೆಂದು ಈ ಲೇಖಕನಿಗೆ ತೋರುವುದಿಲ್ಲ.

2000ದಲ್ಲಿ ಆಸ್ಟ್ರೇಲಿಯದ ಮೊನಾಷ್ ವಿಶ್ವವಿದ್ಯಾಲಯದ ಜಾನ್ ಬಾಯ್ಸ್ ಮತ್ತು ಬೆನ್ ಆಡ್ಲರ್ ಬಿ:2 ಬಗೆಯ ಕವಚದ ವಂಶವಾಹಿಗಳನ್ನು ಓದಿ, ಸಾಗಣೆಗೆ ಬೇಕಾದ ಒಂದನ್ನು ಕೆಡಿಸಿ, ಕವಚವಿಲ್ಲದ ರೋಗಾಣುವನ್ನು ಪಡೆದರು. ಕವಚವಿದ್ದ ಮೂಲ ರೋಗಾಣು ಇಲಿಗಳಲ್ಲಿ ಬೇಗಬೇಗನೆ ವೃದ್ಧಿಯಾಗಿ ಅವುಗಳನ್ನು ಕೊಂದಿತು. ಕವಚ ಕಳೆದುಕೊಂಡದ್ದನ್ನು ದೇಹದ ಭಕ್ಷಕ ಕೋಶಗಳು ಸುಲಭವಾಗಿ ನುಂಗಿ ನಿವಾರಿಸಿದವು. ಬೀದರ ಕೋಟೆಯ ದಕ್ಷಿಣಕ್ಕೆ ಜಂಬಿಟ್ಟಿಗೆಯಲ್ಲಿ ಕೊರೆದ ಮೂರು ಸಾಲಿನ ಕಂದಕವನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. ಗೋಡೆಯನ್ನು ಮುಟ್ಟಲು ಬಿಡದಿರುವುದೇ ಮೊದಲ ರಕ್ಷಣೆ. ಮರುವರ್ಷದ ಫಲಿತಾಂಶ ಇನ್ನೂ ಕುತೂಹಲಕರ. ಕವಚವಿಲ್ಲದ ಈ ರೋಗಾಣುವನ್ನು ಮೊದಲು ಪಡೆದ ಇಲಿಗಳು ಅನಂತರ ಮೂಲ ರೋಗಾಣುವಿನ ದಾಳಿಯನ್ನು ತಡೆದುಕೊಂಡವು. ಅಂದರೆ ಕವಚದ ಕೆಳಗಿರುವ ವಸ್ತುಗಳೂ ರಕ್ಷಣೆಗೆ ಸಾಕಾಗಬಲ್ಲವು. ಕವಚವು ರೋಗಾಣುವನ್ನು ಕಾಯುವುದರ ಜೊತೆಗೆ ದೇಹ ನೋಡಬೇಕಾದದ್ದನ್ನು ಮರೆಮಾಡುತ್ತದೆ.

ಸಾರಿನಲ್ಲಿ ಪದೇ ಪದೇ ಬೆಳೆಸಿದರೆ ಪಾಶ್ಚುರೆಲ್ಲಾ ತನ್ನ ಕವಚವನ್ನು ಕಳೆದುಕೊಳ್ಳುವುದುಂಟೆಂದು ಲಸಿಕೆ ತಯಾರಕರಿಗೆ ಅನುಭವದಿಂದ ಗೊತ್ತಿತ್ತು. ಕೃಷಿಯ ಗುಣ ಕೆಡದಂತೆ ಅವರು ಎಚ್ಚರ ವಹಿಸುತ್ತಿದ್ದರು. ಕಾರಣ ಹೊರಬಿದ್ದದ್ದು 2010ರಲ್ಲಿ. ಕವಚದ ವಂಶವಾಹಿಗಳನ್ನು ಚಾಲನೆಗೊಳಿಸುವ ಫಿಸ್ ಎಂಬ ನಿಯಂತ್ರಕ ಪ್ರೋಟೀನಿನ ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾದರೂ ಕವಚ ನಿಂತುಹೋಗುತ್ತದೆಂದು ಕಂಡುಬಂದಿತು. ಭಾರತದಲ್ಲಿ ಗಳಲೆ ಲಸಿಕೆಗೆ ಬಳಸುವ ಪ್ರಸಿದ್ಧ ತಳಿ ಪಿ52. ಕರ್ನಾಟಕದಲ್ಲಿ ಜಾನುವಾರು ಲಸಿಕೆಗಳ ತಯಾರಿಕೆಯ ಕೇಂದ್ರ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. 1920ರ ದಶಕದಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಹುಟ್ಟಿದ ಅದು 1956ರ ನಂತರ ಬೀದರಕ್ಕೂ ತನ್ನ ರಾಜ್ಯದ ಸಂಸ್ಥೆಯಾಯಿತು. ಹೆಬ್ಬಾಳದಿಂದ ಔರಾದಕ್ಕೆ ಸುಮಾರು 700 ಕಿ.ಮೀ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಅದು ರೈತನ ಕೊಟ್ಟಿಗೆಗೆ ಮುಟ್ಟಬೇಕಾದ ಕಾಲ ಮಳೆಗೆ ಮುಂಚಿನ ಮೇ ತಿಂಗಳು, ಅಂದರೆ ಬೀದರ ಸೀಮೆಯ ಬಿಸಿಲು ನೆತ್ತಿಗೇರಿದ ದಿನಗಳು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬೀದರದಿಂದ ಸುಮಾರು 140 ಕಿ.ಮೀ. ದೂರದ ಹೈದರಾಬಾದು 1956ರವರೆಗೆ ಈ ಜಿಲ್ಲೆಯ ರಾಜಧಾನಿಯಾಗಿತ್ತು. ಮನುಷ್ಯರ ವಿಷಮಶೀತ ಜ್ವರದ ರೋಗಾಣುವಿಗೂ ‘ವಿಐ’ ಎಂಬ ಬಹುಶರ್ಕರದ ಕವಚವಿದೆ. ಅದನ್ನು 1934ರಲ್ಲಿ ಫೆಲಿಕ್ಸ್ ಮತ್ತು ಪಿಟ್ ಗುರುತಿಸಿದರು. ಬರಿಯ ಸಕ್ಕರೆಯನ್ನು ಚುಚ್ಚಿದರೆ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ, ಆದರೆ ಬೇಗ ಮರೆಯುತ್ತದೆ. ಎಳೆಯ ಕೂಸುಗಳಲ್ಲಂತೂ ಪರಿಣಾಮವೇ ಇಲ್ಲ. ಸಕ್ಕರೆಯನ್ನು ಪ್ರೋಟೀನಿಗೆ ಬೆಸೆದರೆ ನೆನಪು ಉಳಿಯುತ್ತದೆ. ಏವರಿ ಮತ್ತು ಗೋಬೆಲ್ 1929ರಲ್ಲಿಯೇ ತೋರಿಸಿದ್ದ ಈ ತತ್ತ್ವದ ಮೇಲೆ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ವಿಷಮಶೀತ ಜ್ವರದ ಲಸಿಕೆಗೆ 2013ರಲ್ಲಿ ಭಾರತದಲ್ಲಿ ಪರವಾನಗಿ ದೊರೆಯಿತು. ಕವಚದ ಸಕ್ಕರೆ ಯಾವುದೆಂದು ಖಚಿತವಾಗಿ ತಿಳಿದಿದ್ದರಿಂದ ಆ ಕೆಲಸ ಸಾಧ್ಯವಾಯಿತು. ಗಳಲೆಯಲ್ಲಿ ಅಂಥ ಖಚಿತತೆ ಮೊದಲೇ ಇದ್ದಿದ್ದರೆ ಲಸಿಕೆಯ ಚರಿತ್ರೆ ಬೇರೆಯಾಗುತ್ತಿತ್ತೇ? ಒಂದು ಎತ್ತಿನ ಲಸಿಕೆಗೆ ರೈತನೂ ಸರ್ಕಾರವೂ ತೆರಬಲ್ಲ ಬೆಲೆಯನ್ನು ನೆನೆದರೆ ಹೌದೆಂದು ಹೇಳಲು ಧೈರ್ಯ ಸಾಲದು. ಸಾರಿನಲ್ಲಿ ಬೆಳೆಸಿ ಕೊಂದ ಲಸಿಕೆಗೆ ಅಗ್ಗವೆಂಬ ಗುಣವಾದರೂ ಇದೆ.

2004ರ ಕಾಯಿದೆಯ ಮೂಲಕ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಬೀದರವೇ ಕೇಂದ್ರಸ್ಥಾನವಾದದ್ದು ಈ ಸೀಮೆಯ ಜಾನುವಾರು ಚರಿತ್ರೆಯಲ್ಲಿ ಮಹತ್ತ್ವದ ಘಟನೆ. ಮುಕ್ತೇಶ್ವರದಲ್ಲೋ ಹೆಬ್ಬಾಳದಲ್ಲೋ ಕೇಳಲಾಗುತ್ತಿದ್ದ ಪ್ರಶ್ನೆಗಳನ್ನು ರೋಗ ಕಾಣಿಸಿಕೊಳ್ಳುವ ನೆಲದಲ್ಲಿಯೇ ಕೇಳುವ ಅವಕಾಶ ಇದರಿಂದ ಒದಗಿತು. ರೋಗಗಳ ಮುನ್ಸೂಚನೆಯನ್ನು ಸಿದ್ಧಪಡಿಸುವ ರಾಷ್ಟ್ರೀಯ ಸಂಸ್ಥೆ ನಿವೇದಿ ಬೆಂಗಳೂರಿನ ಯಲಹಂಕದಲ್ಲಿದ್ದು, ಗಳಲೆಯೂ ಅದು ಗಮನಿಸುವ ರೋಗಗಳಲ್ಲೊಂದು. ಹವೆಗೂ ಈ ರೋಗಾಣುವಿಗೂ ಇರುವ ನಂಟು ಎಷ್ಟು ಭೀಕರವಾಗಬಲ್ಲದೆಂಬುದು 2015ರ ಮೇ ತಿಂಗಳಿನಲ್ಲಿ ಕಜಕಸ್ತಾನದಲ್ಲಿ ಪ್ರಕಟವಾಯಿತು. ಅಸಾಧಾರಣ ತೇವ ಮತ್ತು ಸೆಕೆಯ ಕೆಲವು ದಿನಗಳ ಬೆನ್ನಿಗೆ, ಮೂರು ವಾರಗಳಲ್ಲಿ, 2 ಲಕ್ಷಕ್ಕೂ ಮೀರಿ ಸೈಗಾ ಜಿಂಕೆಗಳು ಸತ್ತವು. ಅವುಗಳ ದೇಹದಲ್ಲಿ ಅಲ್ಲಿಯವರೆಗೆ ಸುಮ್ಮನಿದ್ದ ಬಿ ಬಗೆಯ ಪಾಶ್ಚುರೆಲ್ಲಾವೇ ಕಾರಣವೆಂದು ತಿಳಿದುಬಂದಿತು.

ಭಾಲ್ಕಿ, ಔರಾದಗಳ ಹೊಲಗಳಿಗೆ ಈಗ ಟ್ರ್ಯಾಕ್ಟರ್ ಬಂದಿದೆ. ದೇವಣಿ ಜೋಡಿಗಳು ಮೊದಲಿನಷ್ಟು ಕಾಣುವುದಿಲ್ಲ. ಉಳಿದ ದನಗಳಿಗೆ ಪಶುಪಾಲನಾ ಇಲಾಖೆಯವರು ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕುತ್ತಾರೆ. ಗಡಿಯಾಚೆ ಮಹಾರಾಷ್ಟ್ರದಲ್ಲಿಯೂ ತೆಲಂಗಾಣದಲ್ಲಿಯೂ ಅವರವರ ಇಲಾಖೆಗಳು ಅವರವರ ವೇಳಾಪಟ್ಟಿಯಂತೆ ಹಾಕುತ್ತವೆ. ಗಂಟಲ ಗ್ರಂಥಿಯಲ್ಲಿ ರೋಗಾಣುವನ್ನು ಅಡಗಿಸಿಕೊಂಡ ಎಮ್ಮೆಯೊಂದು ಸಂತೆಯಿಂದ ಸಂತೆಗೆ ಈ ಮೂರೂ ರಾಜ್ಯಗಳನ್ನು ಒಂದೇ ವಾರದಲ್ಲಿ ದಾಟಬಲ್ಲದು. ಬೀದರ, ಲಾತೂರ, ನಾಂದೇಡ ಹಾಗೂ ಸಂಗಾರೆಡ್ಡಿ ಜಿಲ್ಲೆಗಳ ಲಸಿಕೆಯ ದಿನಗಳನ್ನು ಒಟ್ಟಿಗೆ ನಿಗದಿಪಡಿಸುವುದು ಹೊಸ ಲಸಿಕೆಗಾಗಿ ಕಾಯಬೇಕಾದ ಕೆಲಸವಲ್ಲ. 1956ಕ್ಕೆ ಮುಂಚೆ ಇವೆಲ್ಲವೂ ಒಂದೇ ಸರ್ಕಾರದ ಆಡಳಿತದಲ್ಲಿದ್ದವು.